ಎಂಟರಲ್ಲೊಂದು ಪಾಲು



1859ರ ಡಿಸೆಂಬರ್ 2ರಂದು ಅಮೆರಿಕದ ವರ್ಜೀನಿಯಾದಲ್ಲಿ ಜಾನ್ ಬ್ರೌನ್ ಎಂಬ ಬಿಳಿಯನನ್ನು ಗಲ್ಲಿಗೇರಿಸಿದರು. ಗುಲಾಮರ ಕೈಗೆ ಆಯುಧ ಕೊಟ್ಟು ದಂಗೆ ಎಬ್ಬಿಸಬೇಕೆಂದು ಹಾರ್ಪರ್ಸ್ ಫೆರಿಯ ಸರ್ಕಾರಿ ಶಸ್ತ್ರಾಗಾರಕ್ಕೆ ನುಗ್ಗಿದ್ದ ಆತ. ಉತ್ತರದ ಎಷ್ಟೋ ಊರುಗಳಲ್ಲಿ ಚರ್ಚಿನ ಗಂಟೆ ಬಾರಿಸಿ ಅವನನ್ನು ಹುತಾತ್ಮನೆಂದರು, ದಕ್ಷಿಣದಲ್ಲಿ ಪೀಡೆ ತೊಲಗಿತು ಎಂದರು. ಈ ಗದ್ದಲ ಇಳಿಯುವ ಮೊದಲೇ, ಒಂದು ವಾರವೂ ತುಂಬದೆ, ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿದ್ದ ವಿಂಟರ್ ಗಾರ್ಡನ್ ರಂಗಮಂದಿರದಲ್ಲಿ ಹೊಸ ನಾಟಕವೊಂದರ ಪರದೆ ಎದ್ದಿತು. ರಂಗದ ಮೇಲೆ ಗುಲಾಮರ ಹರಾಜು, ಒಂದು ಕೊಲೆ, ಹೊತ್ತಿ ಉರಿಯುವ ಹಡಗು, ವಿಷ ಕುಡಿಯುವ ನಾಯಕಿ. ನಾಟಕದ ಹೆಸರು ‘ದಿ ಆಕ್ಟೊರೂನ್, ಅಥವಾ ಲೂಯಿಸಿಯಾನಾದ ಬದುಕು’. ಬರೆದವನು ಡಯಾನ್ ಬೂಸಿಕೊ.

ಮುತ್ತಜ್ಜ–ಮುತ್ತಜ್ಜಿಯರ ಎಂಟು ಜನರಲ್ಲಿ ಒಬ್ಬರು ಮಾತ್ರ ಆಫ್ರಿಕದವರು, ಉಳಿದ ಏಳು ಮಂದಿ ಬಿಳಿಯರು. ಹಾಗೆ ಹುಟ್ಟಿದವರು ಆಕ್ಟೊರೂನ್. ರಕ್ತವನ್ನು ಹೀಗೆ ಅರ್ಧ, ಕಾಲು, ಅರೆಕಾಲು ಎಂದು ಭಾಗ ಹಾಕುವುದರಲ್ಲಿ ಲೂಯಿಸಿಯಾನಾದ ಕಾನೂನಿಗೂ ಅಲ್ಲಿನ ಮಾರುಕಟ್ಟೆಗೂ ಸಮಾನ ಆಸಕ್ತಿ ಇತ್ತು.

ಬೂಸಿಕೊ ಡಬ್ಲಿನ್ನಿನಲ್ಲಿ ಹುಟ್ಟಿದ ಐರಿಷ್ ಮನುಷ್ಯ. ಇನ್ನೂ ಮೀಸೆ ಬಲಿಯುವ ವಯಸ್ಸಿನಲ್ಲೇ, 1841ರಲ್ಲಿ, ‘ಲಂಡನ್ ಅಶ್ಯೂರೆನ್ಸ್’ ಎಂಬ ಪ್ರಹಸನದಿಂದ ಲಂಡನ್ನನ್ನು ಗೆದ್ದವನು. 1853ರ ಸುಮಾರಿಗೆ ಅಮೆರಿಕಕ್ಕೆ ಹೋಗಿ, ನ್ಯೂ ಆರ್ಲಿಯನ್ಸಿನಲ್ಲಿ ಕೆಲಕಾಲ ಥಿಯೇಟರ್ ನಡೆಸಿದ್ದ. ಹಾಗಾಗಿ ಗುಲಾಮರ ಸಂತೆಯ ಊರು ಅವನಿಗೆ ಬರೀ ಪುಸ್ತಕದಲ್ಲಿ ಕಂಡದ್ದಲ್ಲ. ಕಥೆಯ ಎಳೆಯನ್ನು ಮಾತ್ರ ಮೇನ್ ರೀಡ್ ಎಂಬ ಸಾಹಸ ಕಾದಂಬರಿಕಾರನ ‘ದಿ ಕ್ವಾಡ್ರೂನ್’ನಿಂದ ಎತ್ತಿಕೊಂಡ. ಕಾಲುಪಾಲು ಅರೆಕಾಲಾಯಿತು, ನಾಯಕಿ ಇನ್ನಷ್ಟು ಬೆಳ್ಳಗಾದಳು. ಬೂಸಿಕೊಗೆ ವೃತ್ತಪತ್ರಿಕೆ ಎಂದರೆ ನಾಟಕದ ಕಣಜ. ನಮ್ಮ 1857ರ ದಂಗೆಯ ಸುದ್ದಿ ಅಮೆರಿಕ ಮುಟ್ಟಿದ ಕೆಲವೇ ತಿಂಗಳಲ್ಲಿ, 1858ರಲ್ಲಿ, ಲಖನೌ ಮುತ್ತಿಗೆಯ ಮೇಲೆ ‘ಜೆಸ್ಸಿ ಬ್ರೌನ್’ ಎಂಬ ನಾಟಕ ಬರೆದು ನ್ಯೂಯಾರ್ಕಿನಲ್ಲಿ ಆಡಿದ. ಅದರಲ್ಲಿ ಖಳನಾದ ನಾನಾ ಸಾಹೇಬನ ವೇಷ ಕಟ್ಟಲು ನಟರು ಹಿಂಜರಿದಾಗ ಅವನೇ ಬಣ್ಣ ಬಳಿದುಕೊಂಡು ನಿಂತ. ಮರುವರ್ಷ ಅದೇ ಮುಖಕ್ಕೆ ಇನ್ನೊಂದು ಬಣ್ಣ: ‘ಆಕ್ಟೊರೂನ್’ನಲ್ಲಿ ಅವನು ವಾನೋಟಿ ಎಂಬ ಅಮೆರಿಕದ ಮೂಲನಿವಾಸಿ. ನಾಯಕಿ ಜೋಯಿಯ ಪಾತ್ರ ಅವನ ಹೆಂಡತಿ ಆಗ್ನೆಸ್ ರಾಬರ್ಟ್‌ಸನ್‌ಗೆ. ಎಡಿನ್‌ಬರೋದಿಂದ ಬಂದ ಅಚ್ಚ ಸ್ಕಾಟಿಷ್ ಹೆಣ್ಣುಮಗಳು ಆಕೆ.

ಕಥೆ ನಡೆಯುವುದು ಟೆರೆಬಾನ್ ಎಂಬ ದೊಡ್ಡ ತೋಟದಲ್ಲಿ. ಯಜಮಾನ ಜಡ್ಜ್ ಪೇಟನ್ ತೀರಿಕೊಂಡಿದ್ದಾನೆ. ಉಳಿದಿರುವುದು ವಿಧವೆ, ಸಾಲ ಮತ್ತು ಜೋಯಿ. ಜೋಯಿ ಜಡ್ಜನಿಗೆ ಒಬ್ಬ ಗುಲಾಮ ಹೆಂಗಸಿನಲ್ಲಿ ಹುಟ್ಟಿದ ಮಗಳು. ವಿಧವೆ ಅವಳನ್ನು ಮನೆಮಗಳಂತೆ ಓದಿಸಿ ಬೆಳೆಸಿದ್ದಾಳೆ. ಪ್ಯಾರಿಸ್ಸಿನಿಂದ ಬಂದ ಸೋದರಳಿಯ ಜಾರ್ಜ್ ಪೇಟನ್ ಅವಳನ್ನು ಪ್ರೀತಿಸುತ್ತಾನೆ. ಪಕ್ಕದ ತೋಟದ ಶ್ರೀಮಂತರ ಮಗಳು ಡೋರಾ ಸನ್ನಿಸೈಡ್ ಜಾರ್ಜನನ್ನು ಪ್ರೀತಿಸುತ್ತಾಳೆ. ಅವಳನ್ನು ಮದುವೆಯಾದರೆ ತೋಟ ಉಳಿಯುತ್ತದೆ. ಮೋಸದಿಂದ ಅರ್ಧ ಆಸ್ತಿ ನುಂಗಿ, ಮಿಕ್ಕದ್ದರ ಮೇಲೂ ಜೋಯಿಯ ಮೇಲೂ ಕಣ್ಣಿಟ್ಟವನು ಜೇಕಬ್ ಮ್ಯಾಕ್ಲಾಸ್ಕಿ. ಅವನು ದಕ್ಷಿಣದವನಲ್ಲ, ಉತ್ತರದ ಕನೆಕ್ಟಿಕಟ್‌ನವನು. ಇದು ಬೂಸಿಕೊನ ಜಾಣತನ. ಖಳನೂ ಉತ್ತರದವನು, ಅವನನ್ನು ಹಿಡಿದುಕೊಡುವ ಸೇಲಂ ಸ್ಕಡರ್ ಎಂಬ ಯಂತ್ರಪ್ರಿಯ ಸಜ್ಜನನೂ ಉತ್ತರದವನು. ಗುಲಾಮರ ಒಡೆಯರಾದ ಪೇಟನ್ ಮನೆತನದವರಂತೂ ಕರುಣಾಳುಗಳು. ಸಭಾಂಗಣದಲ್ಲಿ ಕುಳಿತ ಯಾವ ಪಕ್ಷದವರೂ ಸಿಟ್ಟಿಗೆದ್ದು ಹೊರನಡೆಯಬಾರದು ಎಂಬ ಲೆಕ್ಕ ಇದು.

ಲೆಕ್ಕ ಬಹುಮಟ್ಟಿಗೆ ಸರಿಬಂತು. ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆ ಇದನ್ನು ಗುಲಾಮಗಿರಿ ವಿರೋಧಿಗಳ ಪ್ರಚಾರವೆಂದು ಬಯ್ದದ್ದೇ ಟಿಕೆಟ್ ಮಾರಾಟಕ್ಕೆ ನೆರವಾಯಿತು. ಸ್ಕಡರನ ಪಾತ್ರ ಮಾಡಿದ ಪ್ರಸಿದ್ಧ ನಟ ಜೋಸೆಫ್ ಜೆಫರ್ಸನ್ ಮೂವತ್ತು ವರ್ಷಗಳ ನಂತರ ಆತ್ಮಕಥೆಯಲ್ಲಿ ಇದರ ಗುಟ್ಟನ್ನು ಬಿಡಿಸಿ ಹೇಳಿದ್ದಾನೆ: ನಾಟಕದ ಮಾತುಗಳೂ ಪಾತ್ರಗಳೂ ದಕ್ಷಿಣದ ಬಗ್ಗೆ ಮರುಕ ಹುಟ್ಟಿಸುತ್ತಿದ್ದವಂತೆ, ಆದರೆ ನಡೆಯುವ ಘಟನೆಗಳು ಗುಲಾಮಗಿರಿ ತೊಲಗಬೇಕೆಂದು ಕೂಗುತ್ತಿದ್ದವಂತೆ. ಇಷ್ಟೆಲ್ಲ ಎಚ್ಚರ ವಹಿಸಿದ ನಾಟಕಕಾರ ಒಂದೇ ವಾರಕ್ಕೆ ಹೆಂಡತಿಯನ್ನು ಕರೆದುಕೊಂಡು ಕಂಪನಿಯಿಂದ ಹೊರಬಿದ್ದ. ಆಗ್ನೆಸ್‌ಗೆ ಬೆದರಿಕೆ ಪತ್ರಗಳು ಬರುತ್ತಿವೆ ಎಂಬ ಮಾತೂ ಇತ್ತು, ಆದರೆ ನಿಜವಾದ ಜಗಳ ವ್ಯವಸ್ಥಾಪಕರ ಜೊತೆ ಹಣ ಹಂಚಿಕೆಯದು. ವಿಂಟರ್ ಗಾರ್ಡನ್‌ನವರು ಬೇರೊಬ್ಬ ಜೋಯಿಯನ್ನು ಹಾಕಿ ಆಟ ಮುಂದುವರಿಸಿದರು. ನಾಟಕಕಾರನಿಗೆ ಪ್ರಯೋಗದ ಹಕ್ಕು ಕೊಡುವ 1856ರ ಕಾನೂನಿಗಾಗಿ ಓಡಾಡಿದ್ದವರಲ್ಲಿ ಬೂಸಿಕೊ ಒಬ್ಬ; ಈಗ ಅವನೇ ಕೋರ್ಟಿನ ಮೆಟ್ಟಿಲೇರಿದ. ನಾಯಕಿಯ ಒಡೆತನ ಯಾರದು ಎಂದು ರಂಗದ ಮೇಲೆ ವ್ಯಾಜ್ಯ, ನಾಟಕದ ಒಡೆತನ ಯಾರದು ಎಂದು ರಂಗದ ಹೊರಗೆ ವ್ಯಾಜ್ಯ.

ಈಗ ನಾಟಕದ ಗಂಟಿಗೆ ಬರೋಣ. ಜಡ್ಜ್ ಪೇಟನ್ ಮಗಳಿಗೆ ಬಿಡುಗಡೆ ಪತ್ರ ಬರೆದುಕೊಟ್ಟು ರುಜು ಹಾಕಿದ್ದ. ಅವಳು ಸ್ವತಂತ್ರಳೆಂದು ಮನೆಯವರೆಲ್ಲ ನಂಬಿದ್ದರು. ಆದರೆ ಮ್ಯಾಕ್ಲಾಸ್ಕಿ ಮೇಜಿನ ಖಾನೆ ಜಾಲಾಡಿ ಆ ಪತ್ರದ ತಾರೀಖು ನೋಡುತ್ತಾನೆ. ರುಜು ಬಿದ್ದ ದಿನ ಜಡ್ಜನ ಮೇಲೆ ಸಾಲದ ಡಿಕ್ರಿ ಇತ್ತು. ಡಿಕ್ರಿ ಇರುವಾಗ ಆಸ್ತಿ ಬಿಟ್ಟುಕೊಡುವಂತಿಲ್ಲ. ಮಗಳು ಆಸ್ತಿ. ಆದ್ದರಿಂದ ಬಿಡುಗಡೆ ರದ್ದು. ದನಕರು, ಪಾತ್ರೆಪರಟಿಗಳ ಜೊತೆ ಜೋಯಿಯೂ ಜಪ್ತಿಗೆ.

ಇದು ಮೆಲೋಡ್ರಾಮದ ಕಟ್ಟುಕತೆ ಅನ್ನಿಸಬಹುದು, ಆದರೆ ಲೂಯಿಸಿಯಾನಾದ 1825ರ ನಾಗರಿಕ ಸಂಹಿತೆ ಸಾಲ ಕೊಟ್ಟವರಿಗೆ ಮೋಸವಾಗುವಂಥ ಗುಲಾಮ ಬಿಡುಗಡೆಯನ್ನು ಅಸಿಂಧು ಎಂದೇ ಸಾರಿತ್ತು. ಮಗು ತಾಯಿಯ ಸ್ಥಿತಿಗೇ ಸೇರುತ್ತದೆ ಎಂಬುದನ್ನು ವರ್ಜೀನಿಯಾ 1662ರಲ್ಲೇ ಶಾಸನ ಮಾಡಿತ್ತು, ಉಳಿದ ಕಡೆಯೂ ಅದೇ ನಡೆಯಿತು. ನಮ್ಮ ಧರ್ಮಶಾಸ್ತ್ರಗಳು ಬೀಜ ದೊಡ್ಡದೋ ಕ್ಷೇತ್ರ ದೊಡ್ಡದೋ ಎಂದು ವಾದಿಸಿದ್ದನ್ನು ಬಲ್ಲವರಿಗೆ ಈ ತರ್ಕದ ಬೆನ್ನೆಲುಬು ಬೇಗ ಕಾಣುತ್ತದೆ: ಹೊಲದ ಒಡೆಯ ಬೆಳೆಯ ಒಡೆಯ. ತಂದೆ ಯಾರೆಂಬುದಕ್ಕೆ ಲೆಕ್ಕವಿಲ್ಲದೆ ಹೋದ ಮೇಲೆ, ಯಜಮಾನನಿಗೆ ತನ್ನ ಮಕ್ಕಳೇ ತನ್ನ ಬಂಡವಾಳವಾಗಲು ಅಡ್ಡಿ ಏನು? ಬಿಳಿಯರಿಗೂ ಗುಲಾಮರಿಗೂ ಅಷ್ಟೇ ಅಲ್ಲ, ಬಿಳಿಯರಿಗೂ ಸ್ವತಂತ್ರರಾದ ಮಿಶ್ರವರ್ಣದವರಿಗೂ ಮದುವೆ ಆಗಕೂಡದೆಂದು ಅದೇ ಸಂಹಿತೆ ಹೇಳಿತ್ತು. 1857ರಲ್ಲಿ ಲೂಯಿಸಿಯಾನಾ ಇನ್ನೊಂದು ಹೆಜ್ಜೆ ಮುಂದಿಟ್ಟು ಗುಲಾಮರ ಬಿಡುಗಡೆಯನ್ನೇ ಪೂರ್ತಿ ನಿಷೇಧಿಸಿತು. ಕರಿಯರು ಅಮೆರಿಕದ ಪ್ರಜೆಗಳೇ ಅಲ್ಲವೆಂದು ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದೂ ಅದೇ ವರ್ಷ.

ಈ ಉಪನ್ಯಾಸಕನಿಗೆ ‘ಆಕ್ಟೊರೂನ್’ ಇಂದಿಗೂ ಓದಬೇಕಾದ ನಾಟಕ ಅನ್ನಿಸುವುದು ಇಲ್ಲಿಯೇ. ಮೆಲೋಡ್ರಾಮಕ್ಕೆ ಒಬ್ಬ ಖಳ ಬೇಕು, ಅವನು ಮೀಸೆ ತಿರುವುತ್ತ ಬಂದು ಹೋಗುತ್ತಾನೆ. ಆದರೆ ಜೋಯಿಯನ್ನು ಹರಾಜಿನ ಕಟ್ಟೆ ಹತ್ತಿಸಿದವನು ಮ್ಯಾಕ್ಲಾಸ್ಕಿ ಅಲ್ಲ, ಅವಳ ತಂದೆ. ಅವಳ ಮೇಲೆ ಪ್ರಾಣವಿಟ್ಟುಕೊಂಡಿದ್ದ ತಂದೆ. ಕೈಬಿಚ್ಚಿ ಖರ್ಚು ಮಾಡುತ್ತ, ಬಂದ ಕಾಗದಕ್ಕೆಲ್ಲ ರುಜು ಹಾಕುತ್ತ, ಎಲ್ಲರಿಂದಲೂ ಒಳ್ಳೆಯವನೆನಿಸಿಕೊಂಡು ಸತ್ತವನು. ಮ್ಯಾಕ್ಲಾಸ್ಕಿ ಅವನ ಕಾಗದಗಳನ್ನು ಓದಿದ, ಅಷ್ಟೆ. ನಾಟಕದ ಉದ್ದಕ್ಕೂ ಜೋಯಿಯನ್ನು ಪ್ರೀತಿಸದವರೇ ಇಲ್ಲ. ಅಪ್ಪ, ಯಜಮಾನಿ, ಜಾರ್ಜ್, ಸ್ಕಡರ್, ತೋಟದ ಆಳುಗಳು, ತನ್ನ ರೀತಿಯಲ್ಲಿ ಮ್ಯಾಕ್ಲಾಸ್ಕಿ ಕೂಡ. ಇಷ್ಟು ಜನರ ಪ್ರೀತಿ ಒಂದು ಡಿಕ್ರಿಯ ಎದುರು ನಿಲ್ಲುವುದಿಲ್ಲ. ಗುಲಾಮಗಿರಿ ಕ್ರೂರಿಗಳಿಂದ ನಡೆಯುತ್ತಿತ್ತು ಎಂದು ನಂಬಿದವರಿಗೆ ಇದು ಕಹಿಯಾದ ಮಾತು. ಬೂಸಿಕೊ ಇದನ್ನು ಬೇಕೆಂದೇ ಹೇಳಿದನೋ, ಕಥೆಯ ಗಂಟು ಬಿಗಿಯಾಗಲೆಂದು ಹುಡುಕಿದ ಉಪಾಯ ತಾನಾಗಿ ಹೇಳಿಬಿಟ್ಟಿತೋ ಬಿಡಿ, ಹೇಳಿದ್ದಂತೂ ಹೌದು.

ನಾಟಕದ ನೆತ್ತಿ ಮೂರನೆಯ ಅಂಕದ ಹರಾಜು. ಅದಕ್ಕೆ ಒಂಬತ್ತು ತಿಂಗಳ ಹಿಂದೆ, 1859ರ ಮಾರ್ಚ್ 2 ಮತ್ತು 3ರಂದು, ಜಾರ್ಜಿಯಾದ ಸವಾನಾ ಊರಿನ ಕುದುರೆ ಪಂದ್ಯದ ಮೈದಾನದಲ್ಲಿ ನಿಜವಾದ ಹರಾಜೊಂದು ನಡೆದಿತ್ತು. ಪಟ್ಟಿಯಲ್ಲಿದ್ದವರು 436 ಮಂದಿ. ಬಂದ ಹಣ ಮೂರು ಲಕ್ಷ ಡಾಲರಿಗೂ ಮೇಲೆ. ಮಾರಿದವನು ಪಿಯರ್ಸ್ ಬಟ್ಲರ್. ಕಾರಣ ಇಲ್ಲಿಯೂ ಸಾಲ: ಜೂಜು, ಶೇರುಪೇಟೆ, 1857ರ ಆರ್ಥಿಕ ಕುಸಿತ. ಈ ಬಟ್ಲರನ ವಿಚ್ಛೇದಿತ ಹೆಂಡತಿ ಯಾರೆಂದರೆ, ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗದ ರಾಣಿಯಾಗಿ ಮೆರೆದ ಫ್ಯಾನಿ ಕೆಂಬಲ್. 1834ರಲ್ಲಿ ಮದುವೆಯಾಗಿ, 1838–39ರ ಚಳಿಗಾಲ ಗಂಡನ ತೋಟದಲ್ಲಿ ಕಳೆದ ಆಕೆ ಅಲ್ಲಿ ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟಳು. ಅದು 1863ರಲ್ಲಿ, ಅಂತರ್ಯುದ್ಧದ ನಡುವೆ ಅಚ್ಚಾಯಿತು.

ಸವಾನಾದ ಹರಾಜಿಗೆ ‘ನ್ಯೂಯಾರ್ಕ್ ಟ್ರಿಬ್ಯೂನ್’ನ ವರದಿಗಾರ ಮಾರ್ಟಿಮರ್ ಥಾಮ್ಸನ್ ಕೊಳ್ಳುವವನ ವೇಷದಲ್ಲಿ ಹೋಗಿದ್ದ. ಅವನ ವರದಿಯಲ್ಲಿ ಜೆಫ್ರಿ ಎಂಬ 23 ವರ್ಷದ ಹುಡುಗ ಬರುತ್ತಾನೆ. ಮೊದಲ ದಿನ ಅವನು ಮಾರಾಟವಾದ. ಅವನು ಮೆಚ್ಚಿದ ಹುಡುಗಿ ಡೋರ್ಕಸ್‌ಳ ಸರದಿ ಮರುದಿನ. ಜೆಫ್ರಿ ಹೊಸ ಯಜಮಾನನ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತು ಅವಳನ್ನೂ ಕೊಳ್ಳಿ ಎಂದು ಬೇಡಿಕೊಂಡ. ಏನೆಂದು ಬೇಡುವುದು? ನಾನು ಅವಳನ್ನು ಪ್ರೀತಿಸುತ್ತೇನೆ ಎಂದರೆ ಆ ಪೇಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಅವಳು ಒಳ್ಳೆಯ ಕೆಲಸಗಾತಿ, ಗಟ್ಟಿಮುಟ್ಟು, ಸಿಡುಕಿನವಳಲ್ಲ, ಕೊಟ್ಟ ಹಣಕ್ಕೆ ಮೋಸವಿಲ್ಲ ಎಂದು ವ್ಯಾಪಾರದ ಮಾತಿನಲ್ಲೇ ಅವಳ ಗುಣಗಾನ ಮಾಡಿದ. ಯಜಮಾನ ನೋಡೋಣ ಎಂದ. ಮರುದಿನ ನೋಡಿದರೆ ಡೋರ್ಕಸ್‌ಳನ್ನು ಬಿಡಿಯಾಗಿ ಮಾರುವುದಿಲ್ಲ, ನಾಲ್ವರ ಒಂದು ಕುಟುಂಬದ ಜೊತೆ ಸೇರಿಸಿದ್ದಾರೆ. ಅಷ್ಟು ಜನ ಯಜಮಾನನಿಗೆ ಬೇಡ. ಅಲ್ಲಿಗೆ ಮುಗಿಯಿತು. ವಿಷದ ಸೀಸೆಯಿಲ್ಲ, ತಡವಾಗಿ ಬಂದ ಕಾಗದವಿಲ್ಲ, ಖಳನೂ ಇಲ್ಲ.

ಬೂಸಿಕೊನ ಹರಾಜಿನಲ್ಲಿ ಜೋಯಿಯ ಸವಾಲು 25,000 ಡಾಲರಿಗೆ ನಿಲ್ಲುತ್ತದೆ. ಹೊಲಗೆಲಸಕ್ಕೆ ಗಟ್ಟಿಯಾದ ಆಳಿನ ಬೆಲೆ ಆಗ ಸುಮಾರು 1,500 ಡಾಲರ್. ಅತಿಶಯ ಇದೆ, ಆದರೆ ಬುಡವಿಲ್ಲದ ಅತಿಶಯವಲ್ಲ. ಬೆಳ್ಳಗಿನ ಗುಲಾಮ ಹುಡುಗಿಯರಿಗೆ ನ್ಯೂ ಆರ್ಲಿಯನ್ಸಿನಲ್ಲಿ ಬೇರೆಯದೇ ದರ ಇತ್ತು. ಯಾವ ಕೆಲಸಕ್ಕೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹರಾಜಿಗೆ ಮುಂಚೆ ಇನ್ನೊಂದು ಚಿಕ್ಕ ಸನ್ನಿವೇಶವಿದೆ. ಮುದಿ ಆಳು ಪೀಟ್ ಉಳಿದವರನ್ನೆಲ್ಲ ಸೇರಿಸಿ ಬುದ್ಧಿ ಹೇಳುತ್ತಾನೆ: ಅಳಬೇಡಿ, ಒಳ್ಳೆಯ ಬಟ್ಟೆ ತೊಟ್ಟು ನಗುನಗುತ್ತ ನಿಲ್ಲಿ, ಯಜಮಾನಿತಿಯ ಮನಸ್ಸಿಗೆ ನೋವಾಗಬಾರದು. ಬಾಲ್ಕನಿಯಲ್ಲಿ ಕರವಸ್ತ್ರಗಳು ಒದ್ದೆಯಾಗಿರಬೇಕು. ಇದೇ ಸಂಗತಿಯನ್ನು ವಿಲಿಯಂ ವೆಲ್ಸ್ ಬ್ರೌನ್ ಎಂಬುವನು 1847ರಲ್ಲೇ ಬೇರೆ ಕಡೆಯಿಂದ ನೋಡಿ ಬರೆದಿದ್ದ. ಕೆಂಟಕಿಯಲ್ಲಿ ಗುಲಾಮನಾಗಿ ಹುಟ್ಟಿ, ಸೇಂಟ್ ಲೂಯಿಯ ದಲ್ಲಾಳಿಯೊಬ್ಬನ ಕೈಕೆಳಗೆ ಮಿಸಿಸಿಪ್ಪಿ ನದಿಯುದ್ದಕ್ಕೂ ನ್ಯೂ ಆರ್ಲಿಯನ್ಸಿಗೆ ಜನರನ್ನು ಸಾಗಿಸುವ ಕೆಲಸ ಮಾಡಿ, ಕೊನೆಗೆ ಓಡಿಹೋದವನು ಬ್ರೌನ್. ಮಾರಾಟಕ್ಕೆ ಮುನ್ನ ಮುದುಕರ ನರೆಗೂದಲು ಕಿತ್ತು, ಉಳಿದದ್ದಕ್ಕೆ ಕಪ್ಪು ಬಳಿಯುವುದು ಅವನ ಪಾಲಿನ ಕೆಲಸ. ಕೊಳ್ಳುವವರು ಬಂದಾಗ ಗುಲಾಮರನ್ನು ಕುಣಿಸುತ್ತಿದ್ದರು, ಹಾಡಿಸುತ್ತಿದ್ದರು, ಇಸ್ಪೀಟು ಆಡಿಸುತ್ತಿದ್ದರು. ಸರಕು ಗೆಲುವಾಗಿ ಕಾಣಬೇಕಲ್ಲ! ಕುಣಿದವರ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿದ್ದುದನ್ನು ಬ್ರೌನ್ ಕಂಡಿದ್ದ. ಅಲ್ಲಿ ನಗು ದಲ್ಲಾಳಿಯ ಅಪ್ಪಣೆ, ಬೂಸಿಕೊನಲ್ಲಿ ಅದು ಆಳಿನ ಸ್ವಾಮಿಭಕ್ತಿ.

ಬ್ರೌನ್ ತಾನೂ ನಾಟಕ ಬರೆದ: ‘ದಿ ಎಸ್ಕೇಪ್’, 1858. ಅಮೆರಿಕದ ಕರಿಯ ಲೇಖಕನೊಬ್ಬನದೆಂದು ಅಚ್ಚಾದ ಮೊದಲ ನಾಟಕ ಅದು. ಗ್ಲೆನ್ ಮತ್ತು ಮೆಲಿಂಡಾ ಎಂಬ ಗುಲಾಮರು ರಾತ್ರಿ ಗುಟ್ಟಾಗಿ ಮದುವೆಯಾಗುತ್ತಾರೆ, ಮೆಲಿಂಡಾಳ ಯಜಮಾನ ಅವಳನ್ನು ಬಯಸುತ್ತಾನೆ, ಯಜಮಾನಿ ಹೊಟ್ಟೆಕಿಚ್ಚಿನಿಂದ ಉರಿಯುತ್ತಾಳೆ. ಪ್ರೇಮಿಗಳು ಸಾಯುವುದಿಲ್ಲ, ನಯಾಗರ ದಾಟಿ ಕೆನಡಾ ಸೇರುತ್ತಾರೆ. ಕೇಟೊ ಎಂಬ ವಿದೂಷಕನಂಥ ಆಳು ಯಜಮಾನನೆದುರು ಹಲ್ಲುಗಿಂಜುತ್ತಿದ್ದು, ಸಮಯ ಸಿಕ್ಕೊಡನೆ ಅವನೂ ಪರಾರಿ. ಇದಕ್ಕೆ ಬ್ರಾಡ್‌ವೇ ಇರಲಿಲ್ಲ. ಬ್ರೌನ್ ಸಭೆಗಳಲ್ಲಿ ಒಬ್ಬನೇ ನಿಂತು ಎಲ್ಲ ಪಾತ್ರಗಳನ್ನೂ ಓದುತ್ತಿದ್ದ. ನಾಟಕವಾಗಿ ಅದು ಒರಟು, ಬೂಸಿಕೊನ ಕಸುಬು ಅದರಲ್ಲಿಲ್ಲ. ಆದರೆ ಆಳು ನಗುವುದು ಏಕೆಂದು ಬ್ರೌನ್‌ಗೆ ಗೊತ್ತಿತ್ತು.

ವಿಂಟರ್ ಗಾರ್ಡನ್‌ನ ರಂಗದ ಮೇಲೆ ಒಬ್ಬ ಕರಿಯ ನಟನೂ ಇರಲಿಲ್ಲ. ಪೀಟ್, ಪಾಲ್, ಸೋಲನ್, ಡೈಡೊ ಎಲ್ಲರೂ ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರು. ಜೋಯಿಗೆ ಮಾತ್ರ ಮಸಿ ಬೇಕಾಗಲಿಲ್ಲ. ತಾನು ಯಾರೆಂದು ಜಾರ್ಜ್‌ಗೆ ಹೇಳುವಾಗ ಅವಳು ಉಗುರಿನ ಬುಡದ ನೀಲಿ ಛಾಯೆಯನ್ನೂ ಕಣ್ಣಿನ ಬಿಳಿಯಲ್ಲಿರುವ ಛಾಯೆಯನ್ನೂ ತೋರಿಸುತ್ತಾಳೆ. ಆಮೇಲೆ ತನ್ನೊಳಗಿನ ಆ ಎಂಟನೆಯ ಪಾಲನ್ನು ವಿಷವೆಂಬಂತೆ ಶಪಿಸಿಕೊಳ್ಳುತ್ತಾಳೆ. ಪ್ರೇಕ್ಷಕರು ನೋಡುತ್ತಿದ್ದುದು ಆಗ್ನೆಸ್ ರಾಬರ್ಟ್‌ಸನ್‌ಳ ಬಿಳಿಯ ಕೈಯನ್ನು. ಅಲ್ಲಿ ಛಾಯೆ ಎಲ್ಲಿಂದ ಬರಬೇಕು? ಕಾನೂನಿಗೆ ಕಾಣುವ, ಕಣ್ಣಿಗೆ ಕಾಣದ ಆ ಪಾಲಿಗೆ ಮರುಗುವುದು ಸುಲಭವಿತ್ತು. ಅದೇ ಹರಾಜಿನಲ್ಲಿ ಮಕ್ಕಳ ಸಮೇತ ಮಾರಾಟವಾಗುವ ಗ್ರೇಸ್‌ಗಾಗಿ ಯಾರೂ ಕತ್ತಿ ಹಿರಿಯುವುದಿಲ್ಲ. ಜೋಯಿಯ ಸವಾಲು ಏರುವಾಗ ಜಾರ್ಜ್ ಮ್ಯಾಕ್ಲಾಸ್ಕಿಯ ಮೇಲೆ ಮುನ್ನುಗ್ಗುತ್ತಾನೆ.

ನಾಟಕದ ಹೊರಗೂ ಹೀಗೆಯೇ. ಜರ್ಮನ್ ವಲಸೆಗಾರರ ಕಳೆದುಹೋದ ಮಗಳು ಎಂದು ಹೇಳಲಾದ ಸ್ಯಾಲಿ ಮಿಲ್ಲರ್ ಎಂಬ ಗುಲಾಮ ಹೆಂಗಸನ್ನು 1845ರಲ್ಲಿ ಲೂಯಿಸಿಯಾನಾದ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. 1857ರಲ್ಲಿ ಅಲೆಕ್ಸಿನಾ ಮಾರಿಸನ್ ಎಂಬ ನೀಲಿ ಕಣ್ಣಿನ ಹುಡುಗಿ ದಲ್ಲಾಳಿಯಿಂದ ತಪ್ಪಿಸಿಕೊಂಡು, ನಾನು ಬಿಳಿಯಳು ಎಂದು ದಾವೆ ಹೂಡಿದಾಗ ನ್ಯೂ ಆರ್ಲಿಯನ್ಸ್ ಪಕ್ಕದ ಊರಿನವರೆಲ್ಲ ಅವಳ ಬೆನ್ನಿಗೆ ನಿಂತರು. ಗುಲಾಮಗಿರಿಯ ಮೇಲೆ ಅವರಿಗೇನೂ ಸಿಟ್ಟಿರಲಿಲ್ಲ, ಬಿಳಿಯಳೊಬ್ಬಳು ಅದರೊಳಗೆ ಸಿಕ್ಕಿಬಿದ್ದಳೆಂಬುದರ ಮೇಲೆ ಸಿಟ್ಟು. 1864ರಲ್ಲಿ, ಉತ್ತರದ ಸೈನ್ಯ ನ್ಯೂ ಆರ್ಲಿಯನ್ಸನ್ನು ಹಿಡಿದ ಮೇಲೆ, ಅಲ್ಲಿ ಬಿಡುಗಡೆಯಾದವರ ಶಾಲೆಗಳಿಗೆ ಹಣ ಕೂಡಿಸಲು ಕೆಲವು ಮಕ್ಕಳ ಫೋಟೊಗಳನ್ನು ಮಾರಿದರು. ಯಾವ ಮಕ್ಕಳು? ನೋಡಲು ಅಪ್ಪಟ ಬಿಳಿಯರಂತಿದ್ದ ರೆಬೆಕಾ, ರೋಸಿನಾ, ಚಾರ್ಲಿ. ಗುಲಾಮಗಿರಿಯನ್ನು ನಿಜವಾಗಿ ದ್ವೇಷಿಸುತ್ತಿದ್ದವರಿಗೂ ದಾನಿಗಳ ಜೇಬು ಯಾವ ಮುಖಕ್ಕೆ ತೆರೆಯುತ್ತದೆಂಬುದು ಗೊತ್ತಿತ್ತು.

ಫೋಟೊ ಎಂದೊಡನೆ ನಾಟಕದ ಅತಿ ಪ್ರಸಿದ್ಧವಾದ ತಿರುವನ್ನು ಹೇಳಲೇಬೇಕು. ತೋಟವನ್ನು ಉಳಿಸಬಲ್ಲ ಕಾಗದವೊಂದು ಲಿವರ್‌ಪೂಲಿನ ವ್ಯಾಪಾರಿ ಸಂಸ್ಥೆಯಿಂದ ಬಂದಿದೆ. ಟಪಾಲು ಚೀಲ ತರುತ್ತಿರುವವನು ಪಾಲ್ ಎಂಬ ಗುಲಾಮ ಹುಡುಗ. ದಾರಿಯಲ್ಲಿ ಸ್ಕಡರನ ಕ್ಯಾಮೆರಾ ಕಂಡು, ತನ್ನದೂ ಒಂದು ಚಿತ್ರ ಬರಲೆಂದು ಚೀಲದ ಮೇಲೇ ಕುಳಿತುಕೊಳ್ಳುತ್ತಾನೆ. ಹಿಂದಿನಿಂದ ಬಂದ ಮ್ಯಾಕ್ಲಾಸ್ಕಿ ವಾನೋಟಿಯ ಕೈಗೊಡಲಿಯಿಂದಲೇ ಹುಡುಗನನ್ನು ಕೊಂದು ಕಾಗದ ಕದಿಯುತ್ತಾನೆ. ತೆರೆದೇ ಇದ್ದ ಕ್ಯಾಮೆರಾದ ಗಾಜಿನ ತಟ್ಟೆಯ ಮೇಲೆ ಕೊಲೆ ಮೂಡಿರುತ್ತದೆ. ಕೊನೆಗೆ, ವಾನೋಟಿಯನ್ನೇ ಕೊಲೆಗಾರನೆಂದು ಬಡಿದು ಕೊಲ್ಲಲು ಜನ ಸೇರಿದಾಗ, ಆ ತಟ್ಟೆ ಸಾಕ್ಷಿ ಹೇಳುತ್ತದೆ. ಗಾಜಿನ ಮೇಲೆ ಚಿತ್ರ ತೆಗೆಯುವ ಕೊಲೋಡಿಯನ್ ವಿಧಾನ ಬಂದು ಆಗಿನ್ನೂ ಎಂಟೇ ವರ್ಷ. ಆ ಕಾಲದ ಯಾವ ಕ್ಯಾಮೆರಾವೂ ಹೀಗೆ ತಾನಾಗಿ ಚಿತ್ರ ತೊಳೆದುಕೊಡುತ್ತಿರಲಿಲ್ಲ. ಅದಕ್ಕೇ ಬೂಸಿಕೊ ಸ್ಕಡರನ ಕೈಯಲ್ಲೊಂದು ಹೊಸ ದ್ರಾವಣ ಕಂಡುಹಿಡಿಸಿದ್ದಾನೆ! ಯಂತ್ರಕ್ಕೆ ಪಕ್ಷಪಾತವಿಲ್ಲ ಎಂಬ ನಂಬಿಕೆ ಆ ಸಭಾಂಗಣವನ್ನು ಪುಳಕಗೊಳಿಸಿತು. ನಿಜದಲ್ಲಿ ಒಂಬತ್ತು ವರ್ಷ ಮೊದಲೇ, 1850ರಲ್ಲಿ, ದಕ್ಷಿಣ ಕೆರೊಲಿನಾದಲ್ಲಿ ಗುಲಾಮರನ್ನು ಬತ್ತಲೆ ನಿಲ್ಲಿಸಿ ಫೋಟೊ ತೆಗೆಸಿದ್ದರು. ಹಾರ್ವರ್ಡಿನ ವಿಜ್ಞಾನಿ ಲೂಯಿ ಅಗಾಸಿಗೆ ಕರಿಯರು ಬೇರೆಯೇ ಜಾತಿಯ ಜೀವಿಗಳೆಂದು ಸಾಧಿಸಿ ತೋರಿಸಬೇಕಿತ್ತು.

ಪಾಲ್ ಮತ್ತು ವಾನೋಟಿಯ ಗೆಳೆತನದ ಬಗ್ಗೆ ಆ ಕಾಲದ ವಿಮರ್ಶಕರು ಹೆಚ್ಚು ಮಾತಾಡಿಲ್ಲ. ಒಬ್ಬ ಗುಲಾಮ ಹುಡುಗ, ಒಬ್ಬ ನೆಲ ಕಳೆದುಕೊಂಡ ಬೇಟೆಗಾರ. ಭಾಷೆ ಒಂದಲ್ಲ, ಕುಲ ಒಂದಲ್ಲ. ಒಬ್ಬರ ಮೇಲೊಬ್ಬರಿಗೆ ಹಕ್ಕುಪತ್ರವೂ ಇಲ್ಲ. ವಾನೋಟಿಯ ಪಾತ್ರಕ್ಕೆ ಕುಡುಕ ಕಾಡುಮನುಷ್ಯನ ಹಳೆಯ ಅಚ್ಚು ಇದೆ, ನಿಜ. ಆದರೂ ಈ ನಾಟಕದಲ್ಲಿ ಸಾಲ, ವರದಕ್ಷಿಣೆ, ವಾರಸುದಾರಿಕೆ ಯಾವುದೂ ತಾಕದ ಪ್ರೀತಿ ಇದೊಂದೇ. ನ್ಯೂಯಾರ್ಕಿನ ಪಾಠದಲ್ಲಿ ಕಡೆಯ ದೃಶ್ಯವೂ ಪ್ರೇಮಿಗಳದಲ್ಲ. ಜಾರ್ಜನ ತೋಳಿನಲ್ಲಿ ಜೋಯಿ ಸತ್ತ ಮೇಲೆ ಹಿಂದಿನ ಪರದೆ ಸರಿದು ಪಾಲ್‌ನ ಗೋರಿ ಕಾಣುತ್ತದೆ. ಅದರ ಮೇಲೆ ಮ್ಯಾಕ್ಲಾಸ್ಕಿಯ ಹೆಣ, ಪಕ್ಕದಲ್ಲಿ ಗೆದ್ದು ನಿಂತ ವಾನೋಟಿ. ಆ ಟ್ಯಾಬ್ಲೋದಲ್ಲಿ ನಿಂತವನು ಸ್ವತಃ ನಾಟಕಕಾರ.

ಎರಡು ವರ್ಷ ಕಳೆದು, 1861ರ ನವೆಂಬರ್ 18ರಂದು ನಾಟಕ ಲಂಡನ್ನಿನ ಅಡೆಲ್ಫಿಗೆ ಬಂತು. ಅಮೆರಿಕದಲ್ಲಿ ಅಷ್ಟು ಹೊತ್ತಿಗೆ ಯುದ್ಧ ಶುರುವಾಗಿ ಏಳು ತಿಂಗಳು. ಲಂಡನ್ನಿನವರು ಹರಾಜನ್ನು ಸಹಿಸಿದರು, ಕೊಲೆಯನ್ನು ಮೆಚ್ಚಿದರು, ಜೋಯಿ ವಿಷ ಕುಡಿದದ್ದನ್ನು ಮಾತ್ರ ಒಪ್ಪಲಿಲ್ಲ. ಕೊನೆಯ ಅಂಕಕ್ಕೆ ಸಿಳ್ಳು, ಕೂಗಾಟ. ಬೂಸಿಕೊ ‘ಟೈಮ್ಸ್’ ಪತ್ರಿಕೆಗೆ ಕಾಗದ ಬರೆದು ಸಮರ್ಥಿಸಿಕೊಂಡ. ನಾಲ್ಕು ವಾರ ತಡೆದು, ಸೋತು, ಜೋಯಿಯನ್ನು ಬದುಕಿಸಿ ಜಾರ್ಜನ ಕೈಗಿಟ್ಟ. ಈ ಹೊಸ ಅಂಕ ರಚಿಸಿದವರು ಸಾರ್ವಜನಿಕರು, ಲೇಖಕ ಬರೀ ಸಂಪಾದಕ ಎಂದು ಜಾಹೀರಾತಿನಲ್ಲಿ ಚುಚ್ಚಿದ.

1833ರಲ್ಲಿ ತಮ್ಮ ವಸಾಹತುಗಳ ಗುಲಾಮಗಿರಿಗೆ ಕಾನೂನಿನಿಂದ ಕೊನೆ ಹಾಡಿದ್ದೇವೆಂಬ ಹೆಮ್ಮೆ ಆ ಪ್ರೇಕ್ಷಕರಿಗಿತ್ತು. ಆದರೆ ಜೋಯಿಯನ್ನು ಉಳಿಸುವ ಹಣ ಎಲ್ಲಿಂದ ಬರುತ್ತದೆ ನೋಡಿ: ಲಿವರ್‌ಪೂಲಿನಿಂದ. ಇಂಗ್ಲೆಂಡಿನ ಗಿರಣಿಗಳು ಯುದ್ಧಕ್ಕೆ ಮುಂಚೆ ತರಿಸುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಮೆರಿಕದ ಗುಲಾಮರು ಬೆಳೆದದ್ದು, ಅದು ಇಳಿಯುತ್ತಿದ್ದುದು ಅದೇ ಬಂದರಿನಲ್ಲಿ. ನಾಟಕದ ಕಾಗದ ಹೊತ್ತಿಗೆ ಸರಿಯಾಗಿ ತಲುಪಿದ್ದರೆ ಏನಾಗುತ್ತಿತ್ತು? ಹರಾಜು ನಿಲ್ಲುತ್ತಿತ್ತು. ಪೀಟ್, ಸೋಲನ್, ಗ್ರೇಸ್ ಎಲ್ಲರೂ ಟೆರೆಬಾನ್‌ನಲ್ಲೇ ಉಳಿಯುತ್ತಿದ್ದರು, ಗುಲಾಮರಾಗಿ. ಲಂಡನ್ನು ಸಿಳ್ಳು ಹಾಕಿ ಪಡೆದ ಸುಖಾಂತದಲ್ಲೂ ಅವರ ಪಾಡು ಅದೇ.

ಇಲ್ಲಿ ನಮ್ಮ ಧಾರವಾಡವೂ ಕಥೆಗೆ ಬಂದು ಸೇರುತ್ತದೆ. 1840ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿತು. ಅವರಲ್ಲಿ ಕೆಲವರ ದುಡಿಮೆ ಹುಬ್ಬಳ್ಳಿ–ಧಾರವಾಡದ ಎರೆನೆಲದಲ್ಲಿ. ಅಲ್ಲಿ ಒಗ್ಗಿದ ಬೀಜ ನ್ಯೂ ಆರ್ಲಿಯನ್ಸ್ ತಳಿ. ‘ಧಾರವಾಡ ಅಮೆರಿಕನ್’ ಎಂದು ಪೇಟೆಯಲ್ಲಿ ಹೆಸರಾಯಿತು. ಯುದ್ಧದಲ್ಲಿ ಲಿಂಕನ್ ದಕ್ಷಿಣದ ಬಂದರುಗಳನ್ನು ಮುಚ್ಚಿಸಿದಾಗ ಲಂಕಾಶೈರಿನ ಗಿರಣಿ ಮಾಲೀಕರ ಕಣ್ಣು ಈ ಕಡೆ ತಿರುಗಿತು. ಹತ್ತಿಯನ್ನು ಘಟ್ಟ ಇಳಿಸಿ ಸಾಗಿಸಲು ಕಾರವಾರ ಬಂದರು ಬೇಕೆಂಬ ಒತ್ತಡಕ್ಕೆ 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಬದಲಾಯಿತು. ಅಡೆಲ್ಫಿಯ ರಂಗದ ಮೇಲೆ ಹತ್ತಿ ತುಂಬಿದ ಮ್ಯಾಗ್ನೋಲಿಯಾ ಎಂಬ ನಾಟಕದ ಹಡಗು ರಾತ್ರಿ ರಾತ್ರಿ ಉರಿಯುತ್ತಿದ್ದ ಆ ದಿನಗಳಲ್ಲಿ, ಅದೇ ನ್ಯೂ ಆರ್ಲಿಯನ್ಸಿನ ಬೀಜದ ಹತ್ತಿಗೆ ನಮ್ಮ ರೈತ ಕಂಡು ಕೇಳರಿಯದ ಬೆಲೆ ಎಣಿಸುವ ಕಾಲ ಹತ್ತಿರವಾಗುತ್ತಿತ್ತು.

ಎಂಟರಲ್ಲೊಂದರ ಲೆಕ್ಕ ಗುಲಾಮಗಿರಿಯ ಜೊತೆ ಮುಗಿಯಲಿಲ್ಲ. ಅಂತರ್ವರ್ಣ ವಿವಾಹ ನಿಷೇಧಿಸುವ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 1967ರಲ್ಲಿ. ಅದಾಗಿ ಮೂರು ವರ್ಷಕ್ಕೆ, 1970ರಲ್ಲಿ, ಲೂಯಿಸಿಯಾನಾ ಹೊಸ ಶಾಸನ ಮಾಡಿ, ಮೂವತ್ತೆರಡರಲ್ಲಿ ಒಂದು ಪಾಲಿಗಿಂತ ಹೆಚ್ಚು ಆಫ್ರಿಕದ ರಕ್ತವಿದ್ದವರು ಕರಿಯರು ಎಂದಿತು. ತನ್ನ ಜನನ ದಾಖಲೆಯಲ್ಲಿ ಬಿಳಿಯಳೆಂದು ಬರೆಯಿರಿ ಎಂದು ಒಬ್ಬ ಮಹಿಳೆ ಕೋರ್ಟಿಗೆ ಹೋದಾಗ ದೇಶವೆಲ್ಲ ನಗಾಡಿ, 1983ರಲ್ಲಿ ಆ ಶಾಸನ ರದ್ದಾಯಿತು. ಆಕೆ ಮಾತ್ರ ದಾವೆ ಸೋತಳು.

2014ರಲ್ಲಿ ನ್ಯೂಯಾರ್ಕಿನ ಸೋಹೊ ರೆಪ್ ಎಂಬ ಸಣ್ಣ ರಂಗಮಂದಿರದಲ್ಲಿ ಬ್ರ್ಯಾಂಡನ್ ಜೇಕಬ್ಸ್–ಜೆಂಕಿನ್ಸ್ ಎಂಬ ಕರಿಯ ನಾಟಕಕಾರ ಬೂಸಿಕೊನ ಈ ನಾಟಕವನ್ನು ಬಿಚ್ಚಿ ಮತ್ತೆ ಕಟ್ಟಿದ. ಅವನದು ‘ಆನ್ ಆಕ್ಟೊರೂನ್’. ಅದರಲ್ಲಿ ಕರಿಯ ನಟ ಮುಖಕ್ಕೆ ಬಿಳಿ ಬಳಿದುಕೊಂಡು ಜಾರ್ಜನೂ ಆಗುತ್ತಾನೆ, ಮ್ಯಾಕ್ಲಾಸ್ಕಿಯೂ ಆಗುತ್ತಾನೆ. ಇಬ್ಬರ ನಡುವಿನ ಹೊಡೆದಾಟವನ್ನು ಒಬ್ಬನೇ ಆಡಬೇಕು. ಬೂಸಿಕೊ ಕ್ಯಾಮೆರಾದ ಚಮತ್ಕಾರ ತೋರಿಸಿದ ಅಂಕದಲ್ಲಿ ಈತ ಪ್ರೇಕ್ಷಕರ ಮುಂದೆ ಒಂದು ನಿಜವಾದ ಫೋಟೊ ಹಿಡಿಯುತ್ತಾನೆ: ಬಿಳಿಯರ ಗುಂಪು ಕರಿಯರನ್ನು ಮರಕ್ಕೆ ನೇತುಹಾಕಿ ಕೊಂದ ಫೋಟೊ. ಆದರೆ ಅವನ ದೊಡ್ಡ ತಿದ್ದುಪಡಿ ಬೇರೆ ಕಡೆ ಇದೆ. ಬೂಸಿಕೊನಲ್ಲಿ ಒಂದೆರಡು ಮಾತಿಗೆ ಮುಗಿಯುವ ಮಿನ್ನಿ ಮತ್ತು ಡೈಡೊ ಎಂಬ ಗುಲಾಮ ಹೆಂಗಸರು ಇಲ್ಲಿ ನಾಟಕದುದ್ದಕ್ಕೂ ಹರಟುತ್ತಾರೆ, ಯಜಮಾನರ ಪ್ರೇಮಪ್ರಕರಣವನ್ನು ಆಡಿಕೊಳ್ಳುತ್ತಾರೆ, ಹರಾಜಿನಲ್ಲಿ ಹಡಗಿನ ಕ್ಯಾಪ್ಟನ್ನೇ ತಮ್ಮನ್ನು ಕೊಳ್ಳುವಂತೆ ಉಪಾಯ ಹೂಡುತ್ತಾರೆ. ತೋಟಕ್ಕಿಂತ ಹಡಗಿನ ಕೆಲಸ ವಾಸಿ, ಊರೂರು ನೋಡಬಹುದು ಎಂಬುದು ಅವರ ಲೆಕ್ಕಾಚಾರ. ಜೋಯಿ ವಿಷದ ಸೀಸೆ ಹಿಡಿದು ಹೋದ ಮೇಲೆ ಜೇಕಬ್ಸ್–ಜೆಂಕಿನ್ಸ್ ಅವಳ ಸಾವಿನ ದೃಶ್ಯವನ್ನೇ ಬಿಟ್ಟು, ಕೊನೆಯ ದೃಶ್ಯವನ್ನು ಈ ಇಬ್ಬರಿಗೆ ಕೊಟ್ಟಿದ್ದಾನೆ. ಹಡಗಿನಲ್ಲಿ ಏನೇನು ಮಾಡಬೇಕೆಂದು ಅವರು ಯೋಜನೆ ಹಾಕುತ್ತಿದ್ದಾರೆ. ಹಡಗು ಆಗಲೇ ಸುಟ್ಟುಹೋಗಿರುವ ಸುದ್ದಿಯನ್ನು ಅವರಿಗೆ ಇನ್ನೂ ಯಾರೂ ಹೇಳಿಲ್ಲ.